ನಮ್ಮಂಥ ಹನ್ನೆರಡು

ಹಜಾರದ ಕಡೆಯಿಂದ ಕಿರ್ರ್, ಕಿರ್ರ್ ಎಂದು ಸಣ್ಣ ಸದ್ದು. ಇಲಿಯಿರಬೇಕು ಎಂದು ಅವಳಿಗೆ ಮೊದಲು ಅನಿಸಿತು. ಆದರೆ ಇಲಿ ನಡುನಡುವೆ ನಿಂತು ಯೋಚಿಸುವುದಿಲ್ಲ. ಈ ಸದ್ದು ನಿಂತು, ಯೋಚಿಸಿ, ಮತ್ತೆ ಶುರುವಾಗುತ್ತಿತ್ತು. ದಿಂಬಿನಿಂದ ತಲೆಯೆತ್ತಿ ಕೇಳಿಸಿಕೊಂಡಾಗ ತಿಳಿಯಿತು: ಮಾರ್ಕರ್ ಪೆನ್ನು ರಟ್ಟಿನ ಮೇಲೆ ಓಡುವ ಸದ್ದು. ನಾದಿನಿ ನಾಳೆಗೆ ಫಲಕ ಬರೆಯುತ್ತಿದ್ದಾಳೆ. ಪಕ್ಕದಲ್ಲಿ ಗಂಡ ಮಲಗಿದ್ದ. ದಿನವಿಡೀ ಬೇರೆಯವರ ಕಣ್ಣಿಗೆ ಕನ್ನಡಕ ಕೂರಿಸುವ ಅವನು ತನ್ನ ಕಣ್ಣು ಮುಚ್ಚಿದನೆಂದರೆ ಬೆಳಗಿನವರೆಗೆ ಯಾವುದಕ್ಕೂ ತೆರೆಯುವವನಲ್ಲ. ಅವಳು ಕತ್ತಲಲ್ಲಿ ಸದ್ದಿನಿಂದಲೇ ಅಕ್ಷರಗಳನ್ನು ಊಹಿಸತೊಡಗಿದಳು. ಉದ್ದ ಎಳೆತ, ಸಣ್ಣ ಕೊಕ್ಕೆ, ಒಂದು ಸುತ್ತು. ಆಮೇಲೆ ದಪ್ಪಗೆ, ಎರಡೆರಡು ಸಲ ತಿದ್ದುವಂತೆ, ಎರಡು ಅಂಕಿಗಳು. ಅವು ಯಾವ ಅಂಕಿಗಳೆಂದು ಊಹಿಸಬೇಕಾಗಿಯೇ ಇರಲಿಲ್ಲ. ನಾಲ್ಕು ಮತ್ತು ಒಂದು. ಕುಲಪತಿಯ ಒಂದು ವರ್ಷದ ಸಂಬಳ ಅದೇ ವಿಶ್ವವಿದ್ಯಾಲಯದಲ್ಲಿ ನೆಲ ಒರೆಸುವ ಹೆಂಗಸಿನ ನಲವತ್ತೊಂದು ವರ್ಷದ ಸಂಬಳಕ್ಕೆ ಸಮ ಎಂದು ಪತ್ರಿಕೆಯೊಂದು ಬರೆದು ಮೂರು ವಾರವಾಗಿತ್ತು. ಅಂದಿನಿಂದ ವಿದ್ಯಾರ್ಥಿಗಳು ಅವರನ್ನು ನಲವತ್ತೊಂದು ಎಂದೇ ಕರೆಯುತ್ತಿದ್ದರು. ನಲವತ್ತೊಂದರ ಕಾರು ಬಂತು. ನಲವತ್ತೊಂದು ಇವತ್ತು ಕೆಂಪು ಟೈ ಹಾಕಿದ್ದಾರೆ. ಅವಳೂ ಒಂದು ದಿನ ಮನಸ್ಸಿನಲ್ಲಿ ಹಾಗೆಯೇ ಕರೆದುಬಿಟ್ಟಿದ್ದಳು. ಆಮೇಲೆ ತನ್ನ ನಾಲಗೆಯನ್ನೇ ಅನುಮಾನದಿಂದ ಸವರಿ ನೋಡಿಕೊಂಡಿದ್ದಳು.

ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆಗಳಿಗೆ ನಡಾವಳಿ ಬರೆಯುವುದು ಅವಳ ಕೆಲಸ. ಯಾರು ಏನು ಹೇಳಿದರು, ಯಾರು ಅನುಮೋದಿಸಿದರು, ಎಷ್ಟು ಗಂಟೆಗೆ ಸಭೆ ಮುಗಿಯಿತು. ಒಂದು ಸಲ ಒಂದು ಅಲ್ಪವಿರಾಮ ತಪ್ಪಾಗಿದೆಯೆಂದು ಸಹಿಯಾದ ನಿರ್ಣಯವನ್ನೇ ಅಧ್ಯಕ್ಷರಿಗೆ ವಾಪಸು ಕಳಿಸಿದ್ದಳು. ಅಂದಿನಿಂದ ಕಚೇರಿಯಲ್ಲಿ ಅವಳಿಗೆ ಅಲ್ಪವಿರಾಮ ಎಂಬ ಹೆಸರು ಬಿತ್ತು. ಅವಳಿಗದು ಬೇಸರವೇನಲ್ಲ. ಎಚ್ಚರಿಕೆ ಎಂದರೆ ಒಂದು ಬಗೆಯ ಗೌರವವೆಂದು ನಂಬಿಕೊಂಡಿದ್ದಳು. ಈ ಮೂರು ವಾರಗಳಲ್ಲಿ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅರ್ಧ ಗಂಟೆಯಲ್ಲಿ ಅವಳು ಎಚ್ಚರಿಕೆಯಿಲ್ಲದೆ ಒಂದು ಕೆಲಸ ಮಾಡಿದ್ದಳು. ನಾಡೆಲ್ಲ ಈಗ ಕೇಳುತ್ತಿದ್ದ ಪ್ರಶ್ನೆ, ಈ ಸಂಬಳ ಹೇಗೆ ಬಂತು ಎಂಬುದು, ಕೊನೆಗೆ ಬಂದು ನಿಲ್ಲುವುದು ಆ ಅರ್ಧ ಗಂಟೆಯಲ್ಲಿ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು. ಹೀಗೊಂದು ವಿಷಯ ತನ್ನೊಬ್ಬಳಿಗೇ ಗೊತ್ತಿರುವುದು ಭಯದ ಜೊತೆಗೆ ಒಂದು ವಿಚಿತ್ರ ಕುತೂಹಲವನ್ನೂ ತಂದಿತ್ತು. ಅಷ್ಟು ದೊಡ್ಡ ಕಟ್ಟಡ, ಅಷ್ಟೊಂದು ಕೋಟು ಹಾಕಿದ ಜನ, ಇಷ್ಟು ಸಣ್ಣ ಬೇರು.

ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ತಟ್ಟೆಗಳಿಗೆ ಜಾಗವಿರಲಿಲ್ಲ, ಫಲಕಗಳು ಒಣಗುತ್ತಿದ್ದವು. ನಾದಿನಿ ಅದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ, ಗಂಟೆಗೆ ಇಷ್ಟು ಎಂಬ ಕರಾರಿನ ಮೇಲೆ. ಆ ‘ಇಷ್ಟು’ ಆರು ವರ್ಷದಿಂದ ಅಲ್ಲಾಡಿರಲಿಲ್ಲ. ಈ ಅವಧಿಯಲ್ಲಿ ವಾರಕ್ಕೆ ಹದಿನಾರು ಗಂಟೆಯಿದ್ದದ್ದು ಒಂಬತ್ತಕ್ಕೆ ಇಳಿದಿತ್ತು. ಇವತ್ತಿನ ವಿಚಾರಣೆಯಲ್ಲಿ ಏನೂ ಆಗದಿದ್ದರೆ ಕೆಲಸ ಬಿಟ್ಟು ಟ್ಯೂಷನ್ ಹೇಳಿಕೊಂಡಿರುತ್ತೇನೆ ಎಂದು ಅವಳು ಹೇಳಿಯಾಗಿತ್ತು. ಅದನ್ನು ಹೇಳುವಾಗ ದನಿ ಮಾಮೂಲಾಗಿತ್ತು, ಕೈ ಮಾತ್ರ ಮಾರ್ಕರಿನ ಮುಚ್ಚಳವನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿತ್ತು. ಹೊರಗಿನವರೊಬ್ಬರು, ಒಬ್ಬ ನಿವೃತ್ತ ನ್ಯಾಯಾಧೀಶೆ, ವೇತನ ಸಮಿತಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಗಂಟೆ ಲೆಕ್ಕದ ಮೇಷ್ಟ್ರುಗಳ ಪರವಾಗಿ ನಾದಿನಿ ಮಾತಾಡುತ್ತಾಳೆ. ಹೀಗೆ ಒಂದೇ ಮನೆಯ ಇಬ್ಬರು ಒಂದೇ ಕೋಣೆಗೆ ಬೇರೆ ಬೇರೆ ಬಾಗಿಲಿನಿಂದ ಹೋಗಬೇಕಾಗಿತ್ತು.

“ಅತ್ತಿಗೆ, ಒಂದೇ ಒಂದು ಹೇಳಿಬಿಡಿ ಸಾಕು. ಸಂಬಳ ಹೋಲಿಸೋಕೆ ಆ ಹನ್ನೆರಡು ವಿಶ್ವವಿದ್ಯಾಲಯಗಳನ್ನ ಆರಿಸಿದ್ದು ಯಾರು?”

ಸಭೆಯೊಳಗಿನ ಮಾತು ಹೊರಗೆ ಹೇಳುವ ಹಾಗಿಲ್ಲ ಎಂದು ಅವಳು ನೂರನೆಯ ಸಲ ಹೇಳಿದಳು. ಹೇಳುತ್ತಾ ಇದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ ಎಂದು ತನಗೇ ತೋರಿತು. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಅವಳ ಬಾಯಿಗೆ ಅರಗು ಹಾಕಿ ಮುದ್ರೆ ಒತ್ತಿದ್ದಾರೆ ಬಿಡೆ ಎಂದರು ಮಗಳಿಗೆ. ಆಮೇಲೆ ಚಾಕುವನ್ನು ಗಾಳಿಯಲ್ಲೇ ನಿಲ್ಲಿಸಿ, “ಅಲ್ಲಮ್ಮ, ಅಷ್ಟು ದುಡ್ಡಿಟ್ಕೊಂಡು ಒಬ್ಬ ಮನುಷ್ಯ ಏನು ಮಾಡ್ತಾನೆ? ದಿನಕ್ಕೆ ನಲವತ್ತೊಂದು ಸಲ ಊಟ ಮಾಡ್ತಾನಾ?” ಎಂದು ಕೇಳಿದರು. ಅತ್ತೆಯ ದನಿಯಲ್ಲಿ ಕೋಪಕ್ಕಿಂತ ನಿಜವಾದ ಕುತೂಹಲವೇ ಹೆಚ್ಚಿತ್ತು. ಉತ್ತರ ಸಿಕ್ಕಿದರೆ ಬರೆದಿಟ್ಟುಕೊಳ್ಳುವವರಂತೆ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಕುಲಪತಿಗಳ ಕಾಲುಚೀಲದ ಹಿಮ್ಮಡಿ ಸವೆದಿರುತ್ತದೆ, ಸಭೆಯಲ್ಲಿ ಕೊಟ್ಟ ಬನ್ನಿನಲ್ಲಿ ಅರ್ಧ ತಿಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಳ್ಳುತ್ತಾರೆ. ಇದನ್ನು ಹೇಳಬಹುದೇ? ಇದೂ ಸಭೆಯೊಳಗಿನ ಮಾತೇ ಆಗುತ್ತದೆಯೇನೋ. ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.

ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಾಗ ಆ ಮಧ್ಯಾಹ್ನ ಎಂದಿನಂತೆ ತಾನೇ ಬಂದು ಎದುರಿಗೆ ಕೂತಿತು. ಆಗ ಅವಳದು ತಾತ್ಕಾಲಿಕ ನೌಕರಿ. ಮೂರು ತಿಂಗಳಿಗೊಮ್ಮೆ ಮುಂದುವರಿಸಬೇಕೋ ಬೇಡವೋ ಎಂದು ದೊಡ್ಡ ಗುಮಾಸ್ತರು ಬರೆಯುತ್ತಿದ್ದರು. ಆ ವಾರ ಅವಳು ಅವರನ್ನು ಎರಡು ಸಲ ಏತಕ್ಕೆ ಎಂದು ಕೇಳಿದ್ದಳು, ಎರಡು ಸಲವೂ ಅವರು ಎಲ್ಲರಿಗೂ ಕೇಳಿಸುವಂತೆ, “ಎಲ್ಲಕ್ಕೂ ಏತಕ್ಕೆ ಅಂತ ಕೇಳ್ತಾ ಕೂತ್ರೆ ಇಲ್ಲೇ ಮುದುಕಿ ಆಗ್ತೀಯಮ್ಮ” ಎಂದಿದ್ದರು. ಯಾರೋ ನಕ್ಕಿದ್ದರು. ಆದ್ದರಿಂದ ಮೂರನೆಯ ಸಲ, ನಮ್ಮಂಥ ವಿಶ್ವವಿದ್ಯಾಲಯಗಳ ಒಂದು ಪಟ್ಟಿ ಮಾಡು, ನಾಲ್ಕು ಗಂಟೆಯೊಳಗೆ ಬೇಕು ಎಂದು ಅವರು ಹೇಳಿದಾಗ ಅವಳು ಏತಕ್ಕೆ ಎಂದು ಕೇಳಲಿಲ್ಲ. ಹೊಸ ವರ್ಷದ ಶುಭಾಶಯ ಪತ್ರ ಕಳಿಸಲಿಕ್ಕಿರಬೇಕು ಎಂದುಕೊಂಡಳು. ನಮ್ಮಂಥ ಎಂದರೆ ಹೇಗೆ? ಗಾತ್ರದಲ್ಲೋ, ವಯಸ್ಸಿನಲ್ಲೋ, ಬಡತನದಲ್ಲೋ? ಅವಳಿಗೆ ತನ್ನದೇ ವಿಶ್ವವಿದ್ಯಾಲಯ ಎಂಥದು ಎಂದೂ ಸರಿಯಾಗಿ ತಿಳಿದಿರಲಿಲ್ಲ. ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ಕಾಗದ ಸರಬರಾಜು ಮಾಡುವ ಅಂಗಡಿಯವನು ಕೊಟ್ಟ ಕ್ಯಾಲೆಂಡರ್ ನೇತಾಡುತ್ತಿತ್ತು. ತಿಂಗಳಿಗೊಂದು ವಿಶ್ವವಿದ್ಯಾಲಯದ ಬಣ್ಣದ ಚಿತ್ರ. ಜನವರಿಯಲ್ಲಿ ಕಲ್ಲಿನ ಗೋಪುರ, ಮಾರ್ಚಿನಲ್ಲಿ ಬಳ್ಳಿ ಹಬ್ಬಿದ ಕಮಾನು, ಆಗಸ್ಟಿನಲ್ಲಿ ಕೆರೆ, ಕೆರೆಯಲ್ಲಿ ಬಾತುಕೋಳಿಗಳು. ಅವಳು ಕುರ್ಚಿಯ ಮೇಲೆ ಹತ್ತಿ, ಹಾಳೆಗಳನ್ನು ಒಂದೊಂದಾಗಿ ಎತ್ತಿ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಹನ್ನೆರಡು ಹೆಸರುಗಳನ್ನು ಜನವರಿಯಿಂದ ಡಿಸೆಂಬರಿನವರೆಗೆ ಕ್ರಮವಾಗಿ ಬರೆದುಕೊಂಡು, ಅಂದವಾಗಿ ಟೈಪು ಮಾಡಿ ಕೊಟ್ಟಳು. ದೊಡ್ಡ ಗುಮಾಸ್ತರು ನೋಡಿ, ಪರವಾಗಿಲ್ಲ ಎಂದರು. ಅವರ ಬಾಯಿಂದ ಅವಳು ಕೇಳಿದ ಮೊದಲ ಒಳ್ಳೆಯ ಮಾತು. ಅಂದು ಬಸ್ಸಿನಲ್ಲಿ ಇದೇ ರೀತಿ ಕಿಟಕಿಗೆ ಹಣೆ ಆನಿಸಿ ಸಂತೋಷಪಟ್ಟಿದ್ದಳು. ಆ ಸಂತೋಷ ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡು ವರ್ಷದ ಮೇಲೆ, ಕೆಲಸ ಕಾಯಂ ಆಗಿ, ವೇತನ ಸಮಿತಿಯ ನಡಾವಳಿ ಬರೆಯಲು ಮೊದಲ ಸಲ ಒಳಗೆ ಕೂತಾಗ ಆ ಹಾಳೆ ಮತ್ತೆ ಕಣ್ಣಿಗೆ ಬಿತ್ತು. ಅದಕ್ಕೀಗ ಹೊಸ ಹೆಸರಿತ್ತು: ತುಲನಾ ಗುಂಪು. ಯಾವುದೋ ಸಲಹಾ ಸಂಸ್ಥೆ ಅದನ್ನು ದಪ್ಪ ರಟ್ಟಿನ ಹೊದಿಕೆಯ ವರದಿಯೊಳಗೆ ಕೂರಿಸಿ, ಸಮಾನ ಸ್ವರೂಪದ ಹನ್ನೆರಡು ಸಂಸ್ಥೆಗಳು ಎಂದು ಬರೆದು, ಶುಲ್ಕ ಪಡೆದಿತ್ತು. ಆ ಹನ್ನೆರಡೂ ಕಡೆ ಮುಖ್ಯಸ್ಥರ ಸಂಬಳವೆಷ್ಟು ಎಂದು ಸಾಲಾಗಿ ಬರೆಯುವುದು, ಸಾಲಿನ ನಡುವಿನ ಮೊತ್ತ ಹಿಡಿಯುವುದು, ನಮ್ಮವರನ್ನು ಅಲ್ಲಿಗೆ ಏರಿಸುವುದು. ಅವು ಹಳೆಯ, ಶ್ರೀಮಂತ ಜಾಗಗಳು. ಇಲ್ಲದಿದ್ದರೆ ಕ್ಯಾಲೆಂಡರಿಗೆ ಏಕೆ ಬರುತ್ತಿದ್ದವು? ಐದು ವರ್ಷದಲ್ಲಿ ನಮ್ಮ ಕುಲಪತಿ ಆ ನಡುವಿಗೆ ಬಂದು ಮುಟ್ಟಿದರು. ಆಮೇಲೂ ನಡು ನಿಲ್ಲಲಿಲ್ಲ, ಏರುತ್ತಲೇ ಹೋಯಿತು. ಆ ಹನ್ನೆರಡು ಮಂದಿಯೂ ತಮ್ಮ ತಮ್ಮ ಪಟ್ಟಿ ಹಿಡಿದು ಪಕ್ಕದವರನ್ನು ನೋಡಿ ಏರುತ್ತಿರಬೇಕು. ಅವಳಿಗೆ ಚಿಕ್ಕಂದಿನ ಗೋಡೆ ನೆನಪಾಗುತ್ತಿತ್ತು. ಅಮ್ಮ ಅವಳನ್ನೂ ಅಕ್ಕನನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ ಸೀಸದಕಡ್ಡಿಯಲ್ಲಿ ಎತ್ತರದ ಗೆರೆ ಎಳೆಯುತ್ತಿದ್ದಳು. ಅಕ್ಕ ಕದ್ದು ಹಿಮ್ಮಡಿ ಎತ್ತುತ್ತಿದ್ದಳು, ಅದನ್ನು ನೋಡಿ ಇವಳೂ ಎತ್ತುತ್ತಿದ್ದಳು. ಗೆರೆಗಳು ಏರುತ್ತಿದ್ದವು. ಲಂಗಗಳು ಮಾತ್ರ ಅದೇ ಉದ್ದದಲ್ಲಿ ಸಾಕಾಗುತ್ತಿದ್ದವು. ಅಮ್ಮನಿಗೆ ಗೊತ್ತಿತ್ತೇ? ಗೊತ್ತಿದ್ದೂ ಎಳೆಯುತ್ತಿದ್ದಳೇ? ಆ ಮೊದಲ ಸಭೆಯಲ್ಲೇ ಎದ್ದು ಹೇಳಬಹುದಾಗಿತ್ತು. ಆಗ ಆಗಿದ್ದು ಎರಡೇ ವರ್ಷ. ನಡಾವಳಿ ಬರೆಯುವವರು ಸಭೆಯಲ್ಲಿ ಮಾತಾಡುವ ಪದ್ಧತಿಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪದ್ಧತಿ ಇರಲಿಲ್ಲ, ಅದೂ ನಿಜವೇ.

ಕಚೇರಿಯ ಕಾರಿಡಾರಿನಲ್ಲಿ ನೆಲ ಒರೆಸುವ ಹೆಂಗಸು ಬಕೆಟ್ಟು ಸರಿಸಿ ದಾರಿ ಕೊಟ್ಟಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂದಿತ್ತು, ಹೆಸರಿಲ್ಲದೆ, ಬೆನ್ನು ಮಾತ್ರ. ಆ ಬೆನ್ನನ್ನು ಇಡೀ ಕಟ್ಟಡ ಗುರುತು ಹಿಡಿದಿತ್ತು. “ನೋಡಕ್ಕ,” ಎಂದಳು ಕೋಲಿಗೆ ಗಲ್ಲ ಊರಿ, “ಲೆಕ್ಕ ಏನೋ ಚೆನ್ನಾಗಿದೆ. ಆದ್ರೆ ನಲವತ್ತೊಂದು ವರ್ಷ ನಾನು ಬದುಕಿರಬೇಕಲ್ಲ, ಅವರ ಒಂದು ವರ್ಷ ನೋಡೋಕೆ.” ತಾನೇ ನಕ್ಕಳು. ಕೇಳಿದವಳೂ ನಗಬೇಕಾಯಿತು, ನಕ್ಕ ಮೇಲೆ, ಒದ್ದೆ ನೆಲದ ಮೇಲೆ ತನ್ನ ಚಪ್ಪಲಿಯ ಗುರುತು ಬೀಳುತ್ತಿದೆಯೆಂದು ತುದಿಗಾಲಲ್ಲಿ ನಡೆದಳು. ತುದಿಗಾಲಲ್ಲಿ ನಡೆದರೂ ಗುರುತು ಬೀಳುತ್ತಿತ್ತು, ಸ್ವಲ್ಪ ಚಿಕ್ಕದಾಗಿ.

ಸಭಾಕೋಣೆಗೆ ತಗುಲಿಕೊಂಡ ಸಣ್ಣ ಕೋಣೆ ಅವಳದು. ಒಂದು ಮೇಜು, ಮೂರು ಡ್ರಾಯರು, ಒಂದು ಕುರ್ಚಿ, ಬಂದವರಿಗೆಂದು ಇನ್ನೊಂದು ತಗ್ಗು ಕುರ್ಚಿ; ಅದರ ಸ್ಪ್ರಿಂಗು ಕುಸಿದು, ಕೂತವರ ಮೊಣಕಾಲು ಎದೆಮಟ್ಟಕ್ಕೆ ಬರುತ್ತದೆ. ಕುಲಪತಿಯ ಸಂಬಳದ ಮಾತು ಬಂದಾಗ ಕುಲಪತಿ ಸಭೆಯಿಂದ ಎದ್ದು ಹೋಗಬೇಕು, ಅದು ನಿಯಮ. ‘ಈ ವಿಷಯದ ಚರ್ಚೆಯಲ್ಲಿ ಕುಲಪತಿಗಳು ಹೊರಗಿದ್ದರು’ ಎಂದು ಅವಳು ಪ್ರತಿ ವರ್ಷ ಬರೆದಿದ್ದಾಳೆ. ಹೊರಗೆಂದರೆ ಈ ಕೋಣೆ. ವರ್ಷಕ್ಕೊಮ್ಮೆ ಇಪ್ಪತ್ತು ನಿಮಿಷ ಅವರು ಇಲ್ಲಿ, ಈ ತಗ್ಗು ಕುರ್ಚಿಯಲ್ಲಿ, ಒಬ್ಬರೇ ಕೂತಿರುತ್ತಿದ್ದರು. ಅವಳು ಒಳಗೆ ಬರೆಯುತ್ತಿರುತ್ತಿದ್ದಳು. ಸಭೆ ಮುಗಿಸಿ ಬಂದ ಮೇಲೆ ಅವರು ಇಲ್ಲಿ ಏನು ಮಾಡಿದರು ಎಂದು ಗುರುತು ಹುಡುಕುವುದು ಅವಳ ಗುಟ್ಟಿನ ಚಟ. ಒಂದು ವರ್ಷ ಪೆನ್ಸಿಲು ಜಾಗ ಬದಲಿಸಿತ್ತು. ಇನ್ನೊಂದು ವರ್ಷ ಕಿಟಕಿ ತೆರೆದಿತ್ತು. ಹೋದ ವರ್ಷ ಏನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಅನುಮಾನ ತಂದಿತ್ತು.

ಇವತ್ತು ನಡಾವಳಿ ಬರೆಯಲು ನ್ಯಾಯಾಧೀಶೆ ತಮ್ಮದೇ ಜನವನ್ನು ಕರೆತಂದಿದ್ದರು. ಅವಳು ಫೈಲು ಹಿಡಿದು ಕರೆಯುವವರೆಗೆ ಹೊರಗೆ ಕಾಯಬೇಕಿತ್ತು. ಹೊರಗೆಂದರೆ ಇದೇ ಕೋಣೆ. ಬಾಗಿಲು ತೆರೆದು ಕುಲಪತಿಗಳೂ ಒಳಗೆ ಬಂದಾಗ ಇಬ್ಬರಿಗೂ ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವರು ಕೈಯಾಡಿಸಿ ಬೇಡವೆಂದು ಅಭ್ಯಾಸದಂತೆ ತಗ್ಗು ಕುರ್ಚಿಯಲ್ಲಿ ಕೂತರು. ಮೊಣಕಾಲು ಮೇಲೆ ಬಂತು. ಎತ್ತರದ ಕುರ್ಚಿಯಲ್ಲಿ ಕೂತು ನಲವತ್ತೊಂದರ ಬೊಕ್ಕತಲೆಯನ್ನು ಮೇಲಿನಿಂದ ನೋಡುವುದು ಅವಳಿಗೆ ಎಷ್ಟು ಇರಿಸುಮುರಿಸಾಯಿತೆಂದರೆ ಫೈಲು ಜೋಡಿಸುವ ನೆಪದಲ್ಲಿ ಪಕ್ಕಕ್ಕೆ ತಿರುಗಿ ನಿಂತೇ ಇದ್ದಳು. ಗೋಡೆಯಾಚೆ ಅಧ್ಯಕ್ಷರ ದನಿ ಮಾತುಗಳಾಗದೆ ಬರೀ ಏರಿಳಿತವಾಗಿ ಕೇಳುತ್ತಿತ್ತು. ಅಧ್ಯಕ್ಷರು ಮೊದಲು ಬ್ಯಾಂಕಿನಲ್ಲಿದ್ದವರು. ಅವರ ಮಾತು ಯಾವಾಗಲೂ ಕೊನೆಯಲ್ಲಿ ಸ್ವಲ್ಪ ಏರಿ ನಿಲ್ಲುತ್ತದೆ.

“ಈ ಮೇಜಿನ ಡ್ರಾಯರುಗಳಿಗೆ ಕಾಗದ ಹಾಸಿದ್ದು ನೀವೇನಾ?” ಎಂದು ಕುಲಪತಿಗಳು ಕೇಳಿದರು.

ಕಚೇರಿಯ ಕಾಗದ ಹಾಳುಮಾಡಿದೆನೆಂಬ ಆಕ್ಷೇಪವಿರಬೇಕು ಎಂದು ಅವಳಿಗೆ ಮೊದಲು ತೋಚಿದ್ದು. ಹಳೆಯದು ಸರ್, ರದ್ದಿ ಕಾಗದ, ಎಂದಳು. ಅವರು ತಲೆಯಾಡಿಸಿದರು. ಹೋದ ವರ್ಷ ಪೆನ್ನಿಗಾಗಿ ಡ್ರಾಯರ್ ಎಳೆದಿದ್ದರಂತೆ. ಮೊದಲನೆಯದರಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ, ಬಳ್ಳಿಯ ಕಮಾನು. ಪೆನ್ನು ಸಿಕ್ಕಿತ್ತು, ಆದರೂ ಎರಡನೆಯದನ್ನು ಎಳೆದಿದ್ದರು, ಕೆರೆ. ಮೂರನೆಯದರಲ್ಲಿ ಹಿಮ ಬಿದ್ದ ಮೆಟ್ಟಿಲುಗಳು. ಬೇರೆಯವರ ಮೇಜನ್ನು ಹಾಗೆ ತೆಗೆದದ್ದಕ್ಕೆ ಕ್ಷಮಿಸಬೇಕು ಎಂದರು. ಅವರು ಮಣ್ಣಿನ ವಿಜ್ಞಾನಿ. ಆಡಳಿತಕ್ಕೆ ಬರುವ ಮುಂಚೆ ಮೂವತ್ತು ವರ್ಷ ನೆಲ ಕೊರೆದು ಪದರಗಳನ್ನು ಓದಿದವರು. ಮಾತಾಡುವಾಗ ಈಗಲೂ ಎರಡು ಬೆರಳನ್ನು ಏನನ್ನೋ ಉಜ್ಜಿ ನೋಡುವಂತೆ ಆಡಿಸುತ್ತಾರೆ.

“ಆ ಕೆರೆ ನಾನು ನೋಡಿದ್ದೀನಿ. ವಾಸನೆ ಹೊಡೆಯುತ್ತೆ,” ಎಂದರು. ಬೆರಳು ಆಡುತ್ತಿತ್ತು. “ಮೂರೂ ನಮ್ಮ ಪಟ್ಟಿಯಲ್ಲಿವೆ. ಮೂರನೇದು, ಎಂಟನೇದು, ಹನ್ನೆರಡನೇದು; ಹಾಳೆಯ ತಿಂಗಳೂ ಅವೇ. ಉಳಿದ ಒಂಬತ್ತು ತಿಂಗಳು ಯಾವುವು?”

ಅವಳ ಕೈಯಲ್ಲಿದ್ದ ಫೈಲಿನ ದಾರ ಬಿಚ್ಚಿಕೊಂಡಿತು. ಸುಳ್ಳು ಹೇಳಲು ಬೇಕಾದಷ್ಟು ಸಮಯವಿತ್ತು, ಅವರು ಅವಸರಪಡಿಸಲಿಲ್ಲ. ಕಾಯುತ್ತಿದ್ದ ಆ ಮುಖದಲ್ಲಿ ಕೋಪವಿದ್ದಿದ್ದರೆ ಸುಳ್ಳು ಬಾಯಿಗೆ ಬಂದೂ ಬಿಡುತ್ತಿತ್ತು. ಕೋಪವಿರಲಿಲ್ಲ. ಬೆಳಿಗ್ಗೆ ಚಾಕುವನ್ನು ಗಾಳಿಯಲ್ಲಿ ಹಿಡಿದು ಕೇಳಿದ ಅತ್ತೆಯ ಮುಖದಲ್ಲಿದ್ದದ್ದೇ ಇಲ್ಲೂ ಇತ್ತು: ಹೇಳು, ನನಗೆ ನಿಜವಾಗಿ ತಿಳಿಯಬೇಕು. ಅವಳು ನಿಂತಲ್ಲೇ, ಮಗ್ಗಿ ಒಪ್ಪಿಸುವ ಹುಡುಗಿಯಂತೆ, ಜನವರಿಯಿಂದ ಶುರುಮಾಡಿದಳು. ಗೋಪುರ, ಗ್ರಂಥಾಲಯದ ಗುಮ್ಮಟ, ಕಮಾನು, ಹುಲ್ಲುಹಾಸು. ಹೆಸರುಗಳಿಗಿಂತ ಮೊದಲು ಚಿತ್ರಗಳೇ ನೆನಪಿಗೆ ಬರುತ್ತಿದ್ದವು. ಡಿಸೆಂಬರಿನ ಮೆಟ್ಟಿಲಿಗೆ ಬಂದು ನಿಂತಾಗ ಬೆನ್ನು ಬೆವರಿತ್ತು. ಯಾರು ಹೇಳಿದರು, ಏಕೆ ಕೇಳಲಿಲ್ಲ ಎಂಬುದನ್ನೂ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. ನಡಾವಳಿಯಂತೆ ಹೇಳಿದ್ದೇನೆ ಎಂದು ಆಮೇಲೆ ಹೊಳೆಯಿತು: ಸೂಚಿಸಲಾಯಿತು, ಸಲ್ಲಿಸಲಾಯಿತು.

ಕುಲಪತಿಗಳು ಆಡಿಸುತ್ತಿದ್ದ ಬೆರಳುಗಳನ್ನು ಮಡಿಚಿಕೊಂಡರು. ಆ ಪಟ್ಟಿ ಅಕ್ಷರದ ಕ್ರಮದಲ್ಲಿಲ್ಲ, ಗಾತ್ರದ ಕ್ರಮದಲ್ಲಿಲ್ಲ, ಸ್ಥಾಪನೆಯಾದ ವರ್ಷದ ಕ್ರಮದಲ್ಲೂ ಇಲ್ಲ, ಇದು ಯಾವ ಕ್ರಮವಿರಬಹುದೆಂದು ವರ್ಷವಿಡೀ ಯೋಚಿಸಿದ್ದೆ ಎಂದರು. ಡ್ರಾಯರು ಕಂಡ ಮೇಲೂ ನಂಬಿರಲಿಲ್ಲವಂತೆ. ಮೂರು ಮಾದರಿಗಳಿಂದ ಏನೂ ಹೇಳಲಾಗದು. ಆಮೇಲೆ, ಅವಳಿಗೆ ಹೇಳುತ್ತಿಲ್ಲವೆಂಬಂತೆ, ತಮ್ಮ ಅಣ್ಣನ ಮಾತು ತೆಗೆದರು. ಅಣ್ಣನದು ಬೀಗ ರಿಪೇರಿ ಅಂಗಡಿ. ಇಷ್ಟೊಂದು ಯಾಕೋ ಕೊಡ್ತಾರೆ ನಿಂಗೆ ಎಂದು ಅಣ್ಣ ಕೇಳಿದ್ದರಂತೆ. “ನಾನು ಅವರಿಗೆ ಅರ್ಧ ಗಂಟೆ ವಿವರಿಸಿದೆ. ವೈಜ್ಞಾನಿಕ ವಿಧಾನ ಅಂತ. ಅವರು ಕೀಲಿ ಉಜ್ಜುತ್ತಾ ಎಲ್ಲಾ ಕೇಳಿ, ಸರಿ ಬಿಡು, ಯಾರೋ ಕೂತು ಲೆಕ್ಕ ಹಾಕಿದ್ದಾರಲ್ಲ, ಅಂದ್ರು.” ಇಲ್ಲಿ ಅವರಿಗೆ ನಗು ಬಂತು. ಸದ್ದಿಲ್ಲದ, ಹೆಗಲು ಮಾತ್ರ ಅಲುಗುವ ನಗು. ನಕ್ಕು ಮುಗಿದ ಮೇಲೆ ಮುಖ ಮೊದಲಿಗಿಂತ ಮುದಿಯಾಗಿ ಕಂಡಿತು. ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದರು. ಇಲ್ಲವೆಂದಳು. ಹೇಳುತ್ತೀರಾ ಎಂದು ಕೇಳಬಹುದಾಗಿತ್ತು, ಕೇಳಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು, ಫೈಲು ತರಬೇಕಂತೆ, ಕುಲಪತಿಗಳೂ ಬರಬೇಕಂತೆ ಎಂದು ಯಾರೋ ಹೇಳಿದರು. ತಗ್ಗು ಕುರ್ಚಿಯಿಂದ ಏಳಲು ಅವರಿಗೆ ಎರಡು ಪ್ರಯತ್ನ ಬೇಕಾಯಿತು. ಅವಳು ಕೈ ಚಾಚಿ, ಚಾಚಬಾರದಿತ್ತೇನೋ ಎಂದು ಹಿಂದೆಗೆದುಕೊಂಡಳು.

ಸಭಾಕೋಣೆಯಲ್ಲಿ ಅಧ್ಯಕ್ಷರು ಆ ಹನ್ನೆರಡನ್ನು ಹೊಗಳುತ್ತಿದ್ದರು. ವಿಸ್ತಾರ, ಸಂಶೋಧನೆ, ಪರಂಪರೆ, ಎಲ್ಲವನ್ನೂ ತೂಗಿ, ದೀರ್ಘ ಸಮಾಲೋಚನೆಯ ನಂತರ ಆರಿಸಿದ ಗುಂಪು ಅದು. ಅದನ್ನು ಪ್ರಶ್ನಿಸುವುದೆಂದರೆ ಈ ಸಂಸ್ಥೆಯ ಯೋಗ್ಯತೆಯನ್ನೇ ಪ್ರಶ್ನಿಸಿದಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ವರ್ಷ ಓದಿ ಓದಿ ಅವರಿಗೆ ಆ ಸಮಾಲೋಚನೆ ನಿಜವಾಗಿ ನೆನಪಿತ್ತು, ಅದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎದುರಿನ ಸಾಲಿನಲ್ಲಿ ನಾದಿನಿ ಕೂತಿದ್ದಳು, ಬೆರಳ ತುದಿಯಲ್ಲಿ ಮಾರ್ಕರಿನ ಕಪ್ಪು. ಅವಳು ಎದ್ದು, ತರಗತಿಯಲ್ಲಿ ಕೇಳುವಂತೆ ನಿಧಾನವಾಗಿ, ಹನ್ನೆರಡೇ ಯಾಕೆ, ಹತ್ತು ಯಾಕಲ್ಲ, ಇಪ್ಪತ್ತು ಯಾಕಲ್ಲ ಎಂದು ಕೇಳಿದಳು. ಅಧ್ಯಕ್ಷರು ಹನ್ನೆರಡು ಸಮತೋಲನದ ಸಂಖ್ಯೆ ಎಂದರು. ನ್ಯಾಯಾಧೀಶೆ ಕನ್ನಡಕ ಕೆಳಗಿಳಿಸಿ, ಫೈಲು ಹಿಡಿದು ನಿಂತಿದ್ದವಳ ಕಡೆ ತಿರುಗಿದರು. “ಈ ಪಟ್ಟಿ ಹೇಗೆ ಬಂತು ಅನ್ನೋದಕ್ಕೆ ಇದಕ್ಕಿಂತ ಹಿಂದಿನ ಕಾಗದ ಏನಾದ್ರೂ ಇದೆಯಾ?”

“ಫೈಲಿನಲ್ಲಿ ಇಲ್ಲ, ಮೇಡಂ.”

ಅದು ನಿಜ. ಕಾಗದ ಡ್ರಾಯರಿನಲ್ಲಿತ್ತು. ಮುಂದಿನ ಮಾತು ಗಂಟಲಿನಲ್ಲಿ ಸಿದ್ಧವಾಗಿಯೇ ಇತ್ತು, ‘ಆದರೆ’ ಎಂಬ ಪದದವರೆಗೆ ಬಂದೂ ಇತ್ತು. ನಾದಿನಿ ತನ್ನನ್ನೇ ನೋಡುತ್ತಿರುವುದು, ಇಪ್ಪತ್ತು ಜನರ ಎದುರು ಕ್ಯಾಲೆಂಡರ್ ಎಂಬ ಪದ ತನ್ನ ಬಾಯಿಂದ ಬೀಳುವುದು, ಆಮೇಲಿನ ನಗು, ನಾಳೆಯ ಪತ್ರಿಕೆ, ಅದರಲ್ಲಿ ತನ್ನ ಬೆನ್ನು, ಎಲ್ಲವೂ ಒಟ್ಟಿಗೇ ಕಂಡವು. ಉಸಿರೆಳೆದುಕೊಂಡಳು. ಆಗ ಕುಲಪತಿಗಳು, ನಾನೊಂದು ಮಾತು ಹೇಳಬಹುದೇ ಎಂದರು. ಅವಳ ಕಡೆ ನೋಡಲಿಲ್ಲ.

“ಅಧ್ಯಕ್ಷರು ಹೇಳಿದ್ದು ನಾನು ಕೇಳಿದೆ. ಆ ಹನ್ನೆರಡು ನಮ್ಮಂಥವೇ ಅಂತಾದ್ರೆ, ನನ್ನೊಬ್ಬನ ಸಂಬಳಕ್ಕೆ ಮಾತ್ರ ನಮ್ಮಂಥವು ಆಗೋಕೆ ಆಗಲ್ಲ. ಅಲ್ಲಿ ನೆಲ ಒರೆಸೋರಿಗೆ ಏನು ಕೊಡ್ತಾರೆ, ಗಂಟೆ ಲೆಕ್ಕದ ಮೇಷ್ಟ್ರಿಗೆ ಏನು ಕೊಡ್ತಾರೆ ಅಂತಾನೂ ಅದೇ ಪಟ್ಟಿಯಲ್ಲಿ ನೋಡಲಿ. ಅವರೂ ನಡುವಿಗೆ ಬರಲಿ. ಅಲ್ಲಿಯವರೆಗೆ ನನ್ನದು ಇದ್ದಲ್ಲೇ ನಿಲ್ಲಲಿ.”

ಕಾರಿಡಾರಿನಲ್ಲಿ ಬಕೆಟ್ಟಿನ ಹಿಡಿ ಬಿದ್ದ ಸದ್ದು ಕೇಳಿಸಿತು. ಅಧ್ಯಕ್ಷರ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯಿತು. ಈಗಷ್ಟೇ ತಮ್ಮ ಯೋಗ್ಯತೆಯನ್ನೇ ಆ ಪಟ್ಟಿಗೆ ಕಟ್ಟಿದವರು ಅದನ್ನು ಬಿಚ್ಚುವುದು ಹೇಗೆ? ಮಂಡಳಿ ಪರಿಶೀಲಿಸುತ್ತದೆ ಎಂದರು. ನ್ಯಾಯಾಧೀಶೆ ತಮ್ಮ ಜನಕ್ಕೆ, ಪರಿಶೀಲನೆ ಅಂತ ಬರೀಬೇಡಿ, ಶಿಫಾರಸು ಅಂತ ಬರ್ಕೊಳ್ಳಿ, ಅಧ್ಯಕ್ಷರು ಪಟ್ಟಿ ಸರಿಯಿದೆ ಅಂದಿದ್ದನ್ನೂ ಮೇಲೇ ಬರ್ಕೊಳ್ಳಿ ಎಂದರು. ಬರೆಯುವ ಹುಡುಗಿಯ ಪೆನ್ನು ಓಡಿತು. ಅವಳು ಆ ಪೆನ್ನನ್ನೇ ನೋಡುತ್ತಿದ್ದಳು. ಎಳೆದುಕೊಂಡ ಉಸಿರು ಇನ್ನೂ ಎದೆಯಲ್ಲೇ ಇತ್ತು. ಅದನ್ನು ಮೆಲ್ಲಗೆ, ಯಾರಿಗೂ ಕೇಳಿಸದಂತೆ ಬಿಟ್ಟಳು.

ಸಂಜೆ ಕೋಣೆಗೆ ಬೀಗ ಹಾಕುವ ಮುಂಚೆ ಮೂರು ಡ್ರಾಯರುಗಳನ್ನೂ ಖಾಲಿ ಮಾಡಿ, ಅಡಿಯ ಹಾಳೆಗಳನ್ನು ಎತ್ತಿ, ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಅವುಗಳಡಿ ಮರ ಬೆಳ್ಳಗೆ, ಹೊಸದರಂತೆ ಇತ್ತು. ಬಸ್ಸಿನಲ್ಲಿ ಕೂತು ಅವರು ಹಾಗೇಕೆ ಮಾಡಿದರೆಂದು ಯೋಚಿಸಿದಳು. ನಾಚಿಕೆಯಿಂದಲೇ? ಪಟ್ಟಿಯ ಗುಟ್ಟು ಹೊರಬೀಳುವ ಮೊದಲು ಅದನ್ನು ಎಲ್ಲರಿಗೂ ಬೇಕಾದದ್ದಾಗಿ ಮಾಡುವ ಜಾಣತನವೇ? ತನ್ನನ್ನು ಉಳಿಸಲೆಂದೇ? ಅಣ್ಣನ ಅಂಗಡಿಗೆ ಹೋಗಿ ಮತ್ತೆ ಕೂರಲು ಸಾಧ್ಯವಾಗಲಿ ಎಂದೇ? ಕಾಲುಚೀಲ ಸವೆದ ಒಬ್ಬ ಮನುಷ್ಯನ ಬಗ್ಗೆ ಇಷ್ಟು ವರ್ಷ ಗಮನವಿಟ್ಟೂ ಇದೊಂದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಇನ್ನೂ ಹತ್ತು ನಿಲ್ದಾಣವಿತ್ತು. ಇದು ತಪ್ಪಿನ ಮೇಲೆ ಕಟ್ಟಿದ ನ್ಯಾಯವೇ, ಅಥವಾ ತಪ್ಪೇ ಇನ್ನೊಂದು ಅಂತಸ್ತು ಏರಿತೇ ಎಂದೂ ಕೇಳಿಕೊಂಡಳು. ಮಂಡಳಿ ಒಪ್ಪದೆಯೂ ಇರಬಹುದು. ಒಪ್ಪಿದರೆ ದುಡ್ಡು ಎಲ್ಲಿಂದ ಬರುತ್ತದೆ? ವಿದ್ಯಾರ್ಥಿಗಳ ಶುಲ್ಕದಿಂದಲೇ? ಬಾತುಕೋಳಿಗಳು ಚೀಲದೊಳಗೆ ನಾಲ್ಕಾಗಿ ಮಡಿಚಿಕೊಂಡು ಕೂತಿದ್ದವು.

ಮನೆಯಲ್ಲಿ ನಾದಿನಿ ಅವಳಿಗಿಂತ ಮೊದಲೇ ಬಂದಿದ್ದಳು. ಫಲಕಗಳನ್ನು ಮುರಿದು ರದ್ದಿಗೆ ಕಟ್ಟುತ್ತಾ, ಸಭೆಯಲ್ಲಿ ನಡೆದದ್ದನ್ನೆಲ್ಲ ಅತ್ತೆಗೆ ಅಭಿನಯಿಸಿ ತೋರಿಸುತ್ತಿದ್ದಳು. ಅಧ್ಯಕ್ಷರ ಬಾಯಿ ಮೀನಿನಂತೆ ತೆರೆದು ಮುಚ್ಚಿದ್ದು ಅವಳ ಮುಖದಲ್ಲಿ ಮೂರು ಸಲ ಬಂತು. ಆ ಹನ್ನೆರಡು ಕಡೆ ಗಂಟೆಗೆ ಎಷ್ಟು ಕೊಡುತ್ತಾರೆಂದು ಆಗಲೇ ಹುಡುಕಿ ನೋಡಿದ್ದಳು. ನಡುವಿನ ಮೊತ್ತ ಈಗಿನದಕ್ಕೆ ಎರಡೂವರೆ ಪಟ್ಟು. “ಅತ್ತಿಗೆ, ಆ ಪಟ್ಟಿ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಅವನನ್ನ ಫೇಲ್ ಮಾಡ್ತೀನಿ. ಆದ್ರೆ ಕೈಗೆ ಸಿಕ್ಕಿದ್ರೆ ಮುತ್ತು ಕೊಡ್ತೀನಿ,” ಎಂದಳು. ಅತ್ತೆ, ಅದೇನು ನಿನ್ನ ಚೀಲ ಇಷ್ಟು ಉಬ್ಬಿದೆ ಎಂದು ಸೊಸೆಯ ಚೀಲದಿಂದ ಇಣುಕುತ್ತಿದ್ದ ಹಾಳೆಗಳನ್ನು ಎಳೆದು, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. “ಎಷ್ಟು ಚೆನ್ನಾಗಿದೆ ಕೆರೆ. ಎಲ್ಲಿದು?”

ಗೊತ್ತಿಲ್ಲ, ಹಳೆಯ ಕ್ಯಾಲೆಂಡರು, ಕಪಾಟಿಗೆ ಹಾಸಲು ತಂದೆ ಎಂದಳು. ನಾದಿನಿ ಒಂದು ಕ್ಷಣ ಚಿತ್ರದ ಕಡೆ ನೋಡಿ, ಮತ್ತೆ ಹಗ್ಗ ಬಿಗಿಯಲು ಬಗ್ಗಿದಳು. ಅತ್ತೆ ಅಡಿಗೆಮನೆಯ ಕಪಾಟಿನಿಂದ ಡಬ್ಬಗಳನ್ನು ಒಂದೊಂದಾಗಿ ಇಳಿಸಿ, ಹಲಗೆ ಒರೆಸಿ, ಹಾಳೆಯ ಅಂಚುಗಳನ್ನು ಅಂಗೈಯಿಂದ ಸಮಮಾಡಿದರು. ಇವತ್ತಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಮಂಡಳಿ ಒಪ್ಪಿದ ಮೇಲೆ, ಎಂದು ಅವಳು ಬಸ್ಸಿಳಿಯುವವರೆಗೂ ಅಂದುಕೊಂಡಿದ್ದಳು. ಈಗ ಹಗ್ಗದ ಮೇಲೆ ಬಗ್ಗಿದ್ದ ನಾದಿನಿಯ ಕತ್ತನ್ನು, ಅಲ್ಲಿ ಅಂಟಿದ್ದ ಮಾರ್ಕರಿನ ಕಪ್ಪನ್ನು ನೋಡುತ್ತಾ, ಪಟ್ಟಿ ಬಿದ್ದರೆ ಇವಳ ಎರಡೂವರೆ ಪಟ್ಟೂ ಬೀಳುತ್ತದೆ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು. ಇವಳಿಗೂ ಇಲ್ಲ, ಗಂಡನಿಗೂ ಇಲ್ಲ, ಕೇಳಿದರೆ ಮಂಡಳಿಗೂ ಇಲ್ಲ. ಚಿತ್ರ ಮೇಲೆ ಬರಲೋ, ಕೆಳಗೆ ಬರಲೋ ಎಂದು ಅತ್ತೆ ಕೇಳಿದರು.

“ಕೆಳಗೆ,” ಎಂದಳು ಅವಳು. “ಮೇಲೆ ಬಿಳಿ ಇರಲಿ.”